ಮಾಡೆಲ್‌ಗೆ ಇಸವಿ ಗೊತ್ತಿರಲ್ಲ: ಜಾವಾ ಡೆವಲಪರ್‌ಗಳು ಎಐ ಬಳಸುವಾಗ

(ಜಾವಾ ಡೆವಲಪರ್‌ಗಳ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಪರದೆ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಮಾತಲ್ಲೇ ವಿವರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಜಾವಾ ಮತ್ತು ಎಐ ಅಂದ ತಕ್ಷಣ ಜನರ ತಲೆಗೆ ಎರಡು ಬೇರೆ ಬೇರೆ ವಿಷಯ ಬರುತ್ತವೆ. ಒಂದು, ಎಐ ಇಟ್ಟುಕೊಂಡು ಜಾವಾ ಕೋಡ್ ಬರೆಯೋದು. ಇನ್ನೊಂದು, ಜಾವಾ ಅಪ್ಲಿಕೇಶನ್ ಒಳಗೇ ಎಐ ಕೂರಿಸೋದು. ಇವತ್ತು ನಾನು ಜಾಸ್ತಿ ಮಾತಾಡೋದು ಮೊದಲನೆಯದರ ಬಗ್ಗೆ. ಎರಡನೆಯದನ್ನು ಕೊನೆಗೆ ಸ್ವಲ್ಪ ಮುಟ್ಟುತ್ತೇನೆ.

ಬಳಕೆ ಶುರುವಾಗಿದೆಯಾ ಇಲ್ಲವಾ ಅನ್ನೋ ಚರ್ಚೆ ಈಗ ಹಳೆಯದಾಯಿತು. ಕೋಡ್ ಬರೆದುಕೊಡುವ ಗಿಟ್‌ಹಬ್ ಕೋಪೈಲಟ್ ಎಲ್ಲರಿಗೂ ಸಿಕ್ಕಿದ್ದು 2022ರ ಜೂನ್‌ನಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಡೆವಲಪರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 2025ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಎಐ ಬಳಸುತ್ತಿದ್ದೇವೆ ಅಥವಾ ಬಳಸುವ ಯೋಚನೆಯಿದೆ ಅಂದವರು ಶೇಕಡಾ 84. ಅದೇ ಸಮೀಕ್ಷೆಯಲ್ಲಿ ಅದರ ಉತ್ತರದ ಮೇಲೆ ನಂಬಿಕೆ ಇಲ್ಲ ಅಂದವರು ಶೇಕಡಾ 46, ಇದೆ ಅಂದವರು ಶೇಕಡಾ 33. ಅಂದರೆ ನಂಬದೇ ಇರೋರೂ ಬಳಸುತ್ತಿದ್ದಾರೆ. ನನಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಿಸಲ್ಲ. ನಾವು ನಂಬದ ಎಷ್ಟೋ ಲೈಬ್ರರಿಗಳನ್ನು ದಿನವೂ ಬಳಸುತ್ತೇವೆ, ಟೆಸ್ಟ್ ಬರೆದುಕೊಂಡು.

ಜಾವಾ ಜನಕ್ಕೆ ಯಂತ್ರದಿಂದ ಕೋಡ್ ಬರೆಸಿಕೊಳ್ಳೋದು ಹೊಸದೂ ಅಲ್ಲ. ಗೆಟ್ಟರ್, ಸೆಟ್ಟರ್, ಈಕ್ವಲ್ಸ್, ಹ್ಯಾಶ್‌ಕೋಡ್ ಇವನ್ನೆಲ್ಲ ಕೈಯಾರೆ ಬರೆದವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ? ಇಂಟೆಲಿಜೆ, ಎಕ್ಲಿಪ್ಸ್ ಬಂದು 20 ವರ್ಷದ ಮೇಲಾಯಿತು. ಅವತ್ತಿನಿಂದ ಐಡಿಇಯೇ, ಅಂದರೆ ನಾವು ಕೋಡ್ ಬರೆಯಲು ಬಳಸುವ ಇಂಥ ಸಾಧನವೇ, ಬರೆಯುತ್ತಿದೆ. ಆದರೆ ಐಡಿಇ ಬರೆದದ್ದನ್ನು ಯಾರೂ ಕೂತು ಓದುತ್ತಿರಲಿಲ್ಲ, ಓದುವ ಅಗತ್ಯವೂ ಇರಲಿಲ್ಲ. ಒಂದು ಮೆಥಡ್‌ಗೆ ಹೆಸರು ಬದಲಿಸಿ ಅಂದರೆ ಅದು ಎಲ್ಲ ಕಡೆ ಬದಲಿಸುತ್ತದೆ, ಪ್ರತಿ ಸಲವೂ ಅದೇ ರೀತಿ. ಮಾಡೆಲ್, ಅಂದರೆ ಈ ಸಾಧನಗಳ ಒಳಗಿನ ಎಐ, ಬರೆದದ್ದು ಹಾಗಲ್ಲ. ಅದನ್ನು ಓದಲೇಬೇಕು. ಆದರೆ ಓದುವ ಅಭ್ಯಾಸ ನಮಗೆ ಇಲ್ಲ. ತೊಂದರೆ ಇಲ್ಲಿಂದಲೇ ಶುರು.

30 ವರ್ಷದ ರಾಶಿ

ಜಾವಾ ಹೊರಬಂದದ್ದು 1995ರಲ್ಲಿ. ಅಲ್ಲಿಂದ ಇಲ್ಲಿವರೆಗೆ ಬರೆದ ಕೋಡ್, ಪಾಠ, ಪ್ರಶ್ನೋತ್ತರ ಎಲ್ಲ ಇಂಟರ್ನೆಟ್‌ನಲ್ಲಿ ರಾಶಿ ಬಿದ್ದಿದೆ. ಮಾಡೆಲ್‌ಗಳು ಓದಿ ಕಲಿತದ್ದು ಆ ರಾಶಿಯನ್ನು. ಅದಕ್ಕೇ ಅವಕ್ಕೆ ಜಾವಾ ಚೆನ್ನಾಗಿ ಬರುತ್ತದೆ. ಆದರೆ ಆ ರಾಶಿಯಲ್ಲಿ ಯಾವುದು ಹಳೆಯದು, ಯಾವುದು ಹೊಸದು ಅನ್ನೋ ಗುರುತು ಅಷ್ಟು ಗಟ್ಟಿಯಾಗಿ ಉಳಿದಿರಲ್ಲ. 2010ರ ಪಾಠವೂ 2024ರ ದಾಖಲೆಯೂ ಒಟ್ಟಿಗೇ ಒಳಗೆ ಹೋಗಿವೆ. ಹಳೆಯದು ಲೆಕ್ಕದಲ್ಲಿ ಜಾಸ್ತಿ ಇದೆ. ಹಾಗಾಗಿ ನೀವು ಏನೂ ಹೇಳದಿದ್ದರೆ ಮಾಡೆಲ್ ಒಲಿಯೋದು ಹಳೆಯ ಕಡೆಗೇ.

ಹಳೇ ದಾರಿಗಳೆಲ್ಲ ಬಾಯಿಪಾಠ ಇರುವ, ಈಚೆಗೆ ಹಾಕಿದ ಬೈಪಾಸ್ ಮಾತ್ರ ಗೊತ್ತಿಲ್ಲದ ಡ್ರೈವರ್ ಇದ್ದ ಹಾಗೆ. ಗಾಡಿ ಓಡಿಸೋದರಲ್ಲಿ ಅವನನ್ನು ಮೀರಿಸೋರಿಲ್ಲ. ಸೇತುವೆ ಕೆಡವಿದ್ದಾರೆ ಅನ್ನೋದು ಮಾತ್ರ ಅವನಿಗೆ ತಿಳಿದಿರಲ್ಲ.

ಕೆಲವು ಉದಾಹರಣೆ ನೋಡೋಣ. ಸ್ಪ್ರಿಂಗ್ ಬೂಟ್ (ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಕಟ್ಟುವ ಫ್ರೇಮ್‌ವರ್ಕ್) ಪ್ರಾಜೆಕ್ಟ್‌ಗೆ ಲಾಗಿನ್ ಸೇರಿಸು ಅಂತ ಹೇಳಿ. ಎಷ್ಟೋ ಸಲ ಬರುವ ಉತ್ತರ ವೆಬ್‌ಸೆಕ್ಯುರಿಟಿಕಾನ್ಫಿಗರರ್‌ಅಡಾಪ್ಟರ್ ಅನ್ನೋ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡುತ್ತದೆ. ಸ್ಪ್ರಿಂಗ್ ಸೆಕ್ಯುರಿಟಿ 5.7ರಲ್ಲಿ ಆ ಕ್ಲಾಸ್ ಬಳಸಬೇಡಿ ಅಂದರು. 6.0ರಲ್ಲಿ ತೆಗೆದೇ ಹಾಕಿದರು. ಅದೇ ಥರ ಜೆಪಿಎ ಎಂಟಿಟಿ, ಅಂದರೆ ಡೇಟಾಬೇಸ್ ಟೇಬಲ್‌ಗೆ ಹೊಂದುವ ಕ್ಲಾಸ್, ಬರೆಯಲು ಹೇಳಿದರೆ ಇಂಪೋರ್ಟ್ ಸಾಲು ಜಾವಾಎಕ್ಸ್ ಅಂತ ಶುರುವಾಗುತ್ತದೆ. 2022ರ ನವೆಂಬರ್‌ನಲ್ಲಿ ಸ್ಪ್ರಿಂಗ್ ಬೂಟ್ 3 ಬಂದಾಗಿನಿಂದ ಅಲ್ಲಿ ಜಕಾರ್ತಾ ಅಂತ ಇರಬೇಕು. ಇವೆರಡೂ ಸಣ್ಣ ತೊಂದರೆ. ಕಂಪೈಲ್ ಆಗಲ್ಲ, ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ತಮಾಷೆಯದು. ಜಾವಾ 21ರಲ್ಲಿ ಸ್ಟ್ರಿಂಗ್ ಟೆಂಪ್ಲೇಟ್ ಅನ್ನೋ ಸೌಲಭ್ಯ ಪ್ರಿವ್ಯೂ ಆಗಿ, ಅಂದರೆ ಪ್ರಯೋಗಕ್ಕೆ ಅಂತ, ಬಂತು. 22ರಲ್ಲೂ ಇತ್ತು. ವಿನ್ಯಾಸ ಸರಿ ಹೋಗಲಿಲ್ಲ ಅಂತ 23ರಲ್ಲಿ ಅದನ್ನು ವಾಪಸ್ ತೆಗೆದರು. ಆದರೆ ಅದು ಬರುತ್ತೆ ಅಂತ ಸಂಭ್ರಮದಿಂದ ಬರೆದ ಲೇಖನಗಳೆಲ್ಲ ಹಾಗೇ ಉಳಿದಿವೆ. ಹಾಗಾಗಿ 'ಹೊಸ ಜಾವಾದಲ್ಲಿ ಬರೆದುಕೊಡು' ಅಂದರೆ ಮಾಡೆಲ್ ಕೆಲವೊಮ್ಮೆ ಈಗ ಎಲ್ಲೂ ಇಲ್ಲದ ಆ ಸೌಲಭ್ಯವನ್ನೇ ಹುಮ್ಮಸ್ಸಿನಿಂದ ಬಳಸಿಬಿಡುತ್ತದೆ.

ನಿಜವಾಗಿ ಕಾಟ ಕೊಡೋದು ಕಂಪೈಲ್ ಆಗುವ ಹಳೇ ಸಲಹೆ. ವರ್ಚುವಲ್ ಥ್ರೆಡ್, ಅಂದರೆ ಜಾವಾವೇ ನಿಭಾಯಿಸುವ ಹಗುರ ಥ್ರೆಡ್, ಜಾವಾ 21ರಲ್ಲಿ ಪಕ್ಕಾ ಆಯಿತು. ಆಗ ಒಂದು ತೊಡಕಿತ್ತು. ಸಿಂಕ್ರನೈಸ್ಡ್ ಬ್ಲಾಕ್ (ಒಂದು ಸಲಕ್ಕೆ ಒಂದೇ ಥ್ರೆಡ್ ಹೋಗಬಹುದಾದ ಕೋಡ್) ಒಳಗೆ ವರ್ಚುವಲ್ ಥ್ರೆಡ್ ಕಾಯುತ್ತಾ ನಿಂತರೆ, ಅದರ ಕೆಳಗಿನ ನಿಜವಾದ ಥ್ರೆಡ್ ಕೂಡ ಅದಕ್ಕೆ ಅಂಟಿಕೊಂಡು ನಿಲ್ಲುತ್ತಿತ್ತು. ಅದಕ್ಕೇ ಎಲ್ಲರೂ ಸಿಂಕ್ರನೈಸ್ಡ್ ತೆಗೆದು ರೀಎಂಟ್ರಂಟ್‌ಲಾಕ್ ಅನ್ನೋ ಬೇರೆ ಬೀಗ ಹಾಕಿ ಅಂತ ಬರೆದರು. 2025ರ ಮಾರ್ಚ್‌ನಲ್ಲಿ ಬಂದ ಜಾವಾ 24 ಆ ತೊಡಕನ್ನು ಹೆಚ್ಚೂಕಮ್ಮಿ ಪೂರ್ತಿ ನಿವಾರಿಸಿತು. ಈಗ ಜಾವಾ 25ರಲ್ಲಿ ಕೆಲಸ ಮಾಡುವ ತಂಡ ಮಾಡೆಲ್ ಮಾತು ಕೇಳಿಕೊಂಡು ಇರೋ ಬರೋ ಸಿಂಕ್ರನೈಸ್ಡ್ ಬ್ಲಾಕ್‌ಗಳನ್ನೆಲ್ಲ ಕಿತ್ತು ಬರೆದರೆ ಏನಾಗುತ್ತದೆ? ಕೋಡ್ ಕೆಡಲ್ಲ. ಆದರೆ ಸುಮ್ನೆ ಕೆಲಸ. ಜೊತೆಗೆ ಎಲ್ಲೋ ಒಂದು ಕಡೆ ಫೈನಲಿ ಬ್ಲಾಕಲ್ಲಿ ಅನ್‌ಲಾಕ್ ಹಾಕೋದು ಮರೆತರೆ ಹೊಸ ಬಗ್ ಬಿಟ್ಟಿ.

ಇಂಥದ್ದು ನಿಲ್ಲಲ್ಲ. ಸ್ಪ್ರಿಂಗ್ ಬೂಟ್ 4 ಬಂದದ್ದು 2025ರ ನವೆಂಬರ್‌ನಲ್ಲಿ. ಅದರ ಜೊತೆ ಜಾಕ್ಸನ್ 3 ಬರುತ್ತದೆ. ಜೇಸನ್ ಓದುವ ಈ ಲೈಬ್ರರಿಯ ಪ್ಯಾಕೇಜ್ ಹೆಸರೇ ಬದಲಾಗಿದೆ, ಆದರೆ ಅನೋಟೇಶನ್‌ಗಳು ಮಾತ್ರ ಹಳೇ ಪ್ಯಾಕೇಜಿನಲ್ಲೇ ಉಳಿದಿವೆ. ಅರ್ಧ ಹೊಸದು, ಅರ್ಧ ಹಳೆಯದು. ಮನುಷ್ಯರಿಗೇ ತಲೆ ಕೆಡುತ್ತದೆ, ಇನ್ನು ಮಾಡೆಲ್ ಕತೆ ಕೇಳಬೇಕಾ?

ಪರಿಹಾರ ಏನು? ಪ್ರಾಜೆಕ್ಟಿನ ಒಳಗೇ ಒಂದು ಸೂಚನೆಗಳ ಫೈಲ್ ಇಡೋದು. ಈಗಿನ ಕೋಡಿಂಗ್ ಏಜೆಂಟ್‌ಗಳಲ್ಲಿ (ತಾವೇ ಫೈಲ್ ತಿದ್ದಿ, ಬಿಲ್ಡ್ ಓಡಿಸುವ ಎಐ ಸಾಧನಗಳು) ಹೆಚ್ಚಿನವು ಅಂಥ ಒಂದು ಫೈಲನ್ನು ತಾವಾಗೇ ಓದುತ್ತವೆ. ಅದರಲ್ಲಿ 'ಶುಚಿಯಾದ ಕೋಡ್ ಬರೆ', 'ಒಳ್ಳೇ ಅಭ್ಯಾಸ ಪಾಲಿಸು' ಅಂತೆಲ್ಲ ಬರೆದಿರೋದನ್ನು ನೋಡಿದ್ದೇನೆ. ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ. ಅಲ್ಲಿರಬೇಕಾದ್ದು ಇಂಥ ಸಾಲುಗಳು: ಇದು ಜಾವಾ 21. ಸ್ಪ್ರಿಂಗ್ ಬೂಟ್ 3.4. ಟೆಸ್ಟಲ್ಲಿ ಮಾಕ್‌ಬೀನ್ ಬೇಡ, ಮಾಕಿಟೋಬೀನ್ ಬಳಸು. ರೆಸ್ಟ್‌ಟೆಂಪ್ಲೇಟ್ ಬೇಡ, ರೆಸ್ಟ್‌ಕ್ಲೈಂಟ್ ಬಳಸು. ಲೊಂಬಾಕ್ ಸೇರಿಸಬೇಡ, ಡೇಟಾ ಸಾಗಿಸಲು ರೆಕಾರ್ಡ್ ಸಾಕು. ಎಂಟಿಟಿಗೆ ಮಾತ್ರ ರೆಕಾರ್ಡ್ ಹಾಕಬೇಡ. ಡಿಪೆಂಡೆನ್ಸಿಗೆ ವರ್ಷನ್ ನಂಬರ್ ನೀನು ಬರೆಯಬೇಡ, ಬೂಟ್ ಕೊಡುವ ಪಟ್ಟಿಯಿಂದ ಬರಲಿ.

ಆ ಕೊನೆಯ ಸಾಲಿಗೆ ಕಾರಣ ಇದೆ. ನೆನಪಿನಿಂದ ವರ್ಷನ್ ನಂಬರ್ ಬರೆ ಅಂದರೆ ಮಾಡೆಲ್ ತಾನು ಜಾಸ್ತಿ ಸಲ ನೋಡಿದ ನಂಬರ್ ಬರೆಯುತ್ತದೆ. ಜಾಸ್ತಿ ಸಲ ಕಂಡ ನಂಬರ್ ಅಂದರೆ ಹಳೇ ನಂಬರ್. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಲೈಬ್ರರಿಯ ಭದ್ರತಾ ದೋಷದಿಂದ ಲಾಗ್‌ಫೋರ್‌ಶೆಲ್ ಗಲಾಟೆ ಆಯಿತಲ್ಲ, ಅಂಥ ತೂತಿರುವ ವರ್ಷನ್‌ಗಳು ಹಳೇ ಪಾಠಗಳ ತುಂಬಾ ಇವೆ. ಇನ್ನು, ಇಲ್ಲದ ಲೈಬ್ರರಿಯ ಹೆಸರನ್ನೇ ಮಾಡೆಲ್ ಕಟ್ಟಿಬಿಡೋದೂ ಉಂಟು. ಆ ಹೆಸರಲ್ಲಿ ಕಳ್ಳ ಪ್ಯಾಕೇಜ್ ಇಟ್ಟು ಕಾಯೋರೂ ಇದ್ದಾರೆ. ಈ ವಿಷಯದಲ್ಲಿ ಜಾವಾದವರು ಸ್ವಲ್ಪ ಅದೃಷ್ಟವಂತರು. ಜಾವಾ ಲೈಬ್ರರಿಗಳ ಭಂಡಾರ ಮೇವನ್ ಸೆಂಟ್ರಲ್‌ಗೆ ಏನಾದರೂ ಏರಿಸಬೇಕಾದರೆ ಆ ಗ್ರೂಪ್ ಹೆಸರಿನ ಡೊಮೇನ್ ಅಥವಾ ಖಾತೆ ನಿಮ್ಮದೇ ಅಂತ ಮೊದಲು ತೋರಿಸಬೇಕು. ಜಾವಾಸ್ಕ್ರಿಪ್ಟ್‌ನ ಭಂಡಾರ ಎನ್‌ಪಿಎಂನಲ್ಲಿ ಆಗುವಷ್ಟು ಸಲೀಸಾಗಿ ಇಲ್ಲಿ ಆ ಆಟ ನಡೆಯಲ್ಲ. ಹಾಗಂತ ಮೈಮರೆಯಬೇಡಿ.

ಬಿಗಿ ಭಾಷೆಯ ಲಾಭ

ಜಾವಾ ಬಗ್ಗೆ ಇದ್ದ ದೊಡ್ಡ ದೂರು ಏನು? ಮಾತು ಜಾಸ್ತಿ. ಎಲ್ಲದಕ್ಕೂ ಟೈಪ್ ಹೇಳು, ಎಕ್ಸೆಪ್ಶನ್ ಹೇಳು, ಇಂಟರ್ಫೇಸ್ ಹೇಳು. ಟೈಪ್ ಮಾಡುವ ಶ್ರಮ ಈಗ ಯಂತ್ರದ್ದು. ಆದರೆ ಆ ಬಿಗಿ ನಮಗೆ ಉಳಿದಿದೆ. ಏಜೆಂಟ್ ಕೋಡ್ ಬರೆಯುತ್ತದೆ, ಕಂಪೈಲ್ ಮಾಡುತ್ತದೆ, ಎರರ್ ಓದುತ್ತದೆ, ತಿದ್ದುತ್ತದೆ. ಇಲ್ಲದ ಮೆಥಡ್ ಕರೆದರೆ ಸಾಲಿನ ನಂಬರ್ ಸಮೇತ ಕಂಪೈಲರ್ ಹೇಳುತ್ತದೆ. ಅದು ಊಹೆ ಅಲ್ಲ, ಖಚಿತ ಉತ್ತರ. ಟೈಪ್ ಬಿಗಿ ಇಲ್ಲದ ಭಾಷೆಯಲ್ಲಿ ಇದೇ ತಪ್ಪು ಕೋಡ್ ಓಡುವಾಗ, ಅದೂ ಆ ಸಾಲು ಮುಟ್ಟಿದಾಗ ಮಾತ್ರ ಹೊರಬರುತ್ತದೆ. ನನ್ನ ಮಟ್ಟಿಗೆ ಏಜೆಂಟ್‌ಗೆ ಬಿಲ್ಡ್ ಓಡಿಸುವ ಅನುಮತಿ ಕೊಡದೆ ಬರೀ ಚಾಟಿನಿಂದ ಕೋಡ್ ಕಾಪಿ ಮಾಡಿಕೊಳ್ಳೋದು ಜಾವಾದ ಅರ್ಧ ಬಲವನ್ನು ಬಿಟ್ಟುಕೊಟ್ಟ ಹಾಗೆ.

ಇದೇ ಮಾತು ಬಿಲ್ಡ್‌ನಲ್ಲಿ ಕೂರಿಸುವ ಬೇರೆ ಸಾಧನಗಳಿಗೂ ಸಲ್ಲುತ್ತದೆ. ಎರರ್ ಪ್ರೋನ್, ನಲ್‌ಅವೇ ಇವು ಕಂಪೈಲ್ ಹೊತ್ತಲ್ಲೇ ಅನುಮಾನದ ಕೋಡನ್ನು ಹಿಡಿಯುತ್ತವೆ. ಆರ್ಕ್‌ಯೂನಿಟ್ ಇದ್ದರೆ 'ಕಂಟ್ರೋಲರ್‌ನಿಂದ ನೇರ ರೆಪಾಸಿಟರಿ ಕರೆಯಬಾರದು' ಅನ್ನೋ ನಿಯಮವನ್ನು ಟೆಸ್ಟ್ ಆಗಿಯೇ ಬರೆಯಬಹುದು. ಮೊದಲು ಇವನ್ನು ತಂದರೆ ತಂಡದಲ್ಲಿ ಗೊಣಗಾಟ ಶುರುವಾಗುತ್ತಿತ್ತು. ಏಜೆಂಟ್ ಗೊಣಗಲ್ಲ. ಎಷ್ಟು ನಿಯಮ ಹಾಕಿದರೂ ಸುಮ್ಮನೆ ತಿದ್ದಿಕೊಳ್ಳುತ್ತದೆ.

ಕಂಪೈಲರ್ ಹಿಡಿಯದ ತಪ್ಪುಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡೋಣ.

ಮೊದಲು ಒಂದು ಸಣ್ಣದು. ಜಾವಾ 16ರಿಂದ ಸ್ಟ್ರೀಮ್ ಮೇಲೆ ನೇರವಾಗಿ ಟೂಲಿಸ್ಟ್ ಕರೆಯಬಹುದು. ಹಳೇ ಕೋಡಲ್ಲಿ ಕಲೆಕ್ಟ್ ಮಾಡಿ, ಒಳಗೆ ಕಲೆಕ್ಟರ್ಸ್ ಟೂಲಿಸ್ಟ್ ಅಂತ ಇರುತ್ತದೆ. 'ಕೋಡನ್ನು ಹೊಸ ಶೈಲಿಗೆ ತಾ' ಅಂದರೆ ಮಾಡೆಲ್ ಮೊದಲು ಮಾಡೋದೇ ಈ ಬದಲಾವಣೆ. ನೋಡಲು ಎರಡೂ ಒಂದೇ. ಆದರೆ ಹಳೆಯದು ಕೊಡುತ್ತಿದ್ದದ್ದು ವಾಸ್ತವದಲ್ಲಿ ಅರೇಲಿಸ್ಟ್. ಹೊಸದು ಕೊಡೋದು ಬದಲಿಸಲಾಗದ ಲಿಸ್ಟ್. ಮೂರು ಕ್ಲಾಸ್ ಆಚೆ ಯಾರೋ ಆ ಲಿಸ್ಟಿಗೆ ಒಂದು ಐಟಂ ಸೇರಿಸುತ್ತಿದ್ದರೆ, ಅಲ್ಲಿ ಅನ್‌ಸಪೋರ್ಟೆಡ್ ಆಪರೇಶನ್ ಎಕ್ಸೆಪ್ಶನ್. ಬದಲಾವಣೆ ಆದ ಫೈಲಿಗೂ ತಪ್ಪು ಕಾಣಿಸಿಕೊಂಡ ಫೈಲಿಗೂ ಸಂಬಂಧವೇ ಇಲ್ಲದ ಹಾಗೆ ಕಾಣುತ್ತದೆ.

ಈಗ ದೊಡ್ಡದು. ಆರ್ಡರ್‌ಗಳನ್ನು ಉಳಿಸುವ ಒಂದು ಸರ್ವಿಸ್ ಕ್ಲಾಸ್ ಇದೆ ಅಂದುಕೊಳ್ಳಿ. ಅದರಲ್ಲಿ ಒಂದು ಉದ್ದನೆಯ ಮೆಥಡ್. ಆರ್ಡರ್‌ಗಳ ಪಟ್ಟಿ ತೆಗೆದುಕೊಂಡು ಒಂದೊಂದನ್ನೇ ಡೇಟಾಬೇಸಲ್ಲಿ ಉಳಿಸುತ್ತದೆ, ಆಮೇಲೆ ಸ್ಟಾಕ್ ಕಡಿಮೆ ಮಾಡುತ್ತದೆ. ಇಡೀ ಮೆಥಡ್ ಮೇಲೆ ಟ್ರಾನ್ಸಾಕ್ಷನಲ್ ಅನೋಟೇಶನ್: ಆದರೆ ಎಲ್ಲ ಆಗಬೇಕು, ಇಲ್ಲದಿದ್ದರೆ ಏನೂ ಆಗಬಾರದು ಅನ್ನೋ ಗುರುತು. ಏಜೆಂಟ್‌ಗೆ 'ಇದು ಉದ್ದ ಆಯಿತು, ಒಡೆದು ಕೊಡು' ಅಂದಿರಿ. ಅದು ಒಂದು ಆರ್ಡರ್ ಉಳಿಸುವ ಭಾಗವನ್ನು ಬೇರೆ ಮೆಥಡ್ ಮಾಡಿತು. ಪ್ರತಿ ಆರ್ಡರ್‌ಗೂ ಪ್ರತ್ಯೇಕ ಸಣ್ಣ ಟ್ರಾನ್ಸಾಕ್ಷನ್ ಇದ್ದರೆ ಒಳ್ಳೇದು ಅಂತ ಅನೋಟೇಶನ್ ಅನ್ನೂ ಆ ಚಿಕ್ಕ ಮೆಥಡ್ ಮೇಲೆ ಇಟ್ಟಿತು. ವಿವರಣೆಯೂ ಚೆನ್ನಾಗಿ ಬರೆಯಿತು. ಓದಿದರೆ ಹೌದಲ್ಲ ಅನಿಸುತ್ತದೆ.

ಆದರೆ ಸ್ಪ್ರಿಂಗ್‌ನಲ್ಲಿ ಟ್ರಾನ್ಸಾಕ್ಷನ್ ಶುರು ಮಾಡೋದು ನಿಮ್ಮ ಕ್ಲಾಸ್ ಅಲ್ಲ, ಅದರ ಮುಂದೆ ಸ್ಪ್ರಿಂಗ್ ನಿಲ್ಲಿಸಿದ ಪ್ರಾಕ್ಸಿ ಅನ್ನೋ ಮಧ್ಯವರ್ತಿ. ಹೊರಗಿನಿಂದ ಬಂದ ಕರೆ ಪ್ರಾಕ್ಸಿ ದಾಟಿ ಬರುತ್ತದೆ. ಅದೇ ಕ್ಲಾಸಿನ ಒಂದು ಮೆಥಡ್ ಇನ್ನೊಂದನ್ನು ಕರೆದರೆ ಪ್ರಾಕ್ಸಿಗೆ ಸುದ್ದಿಯೇ ಇರಲ್ಲ. ಅಂದರೆ ಅನೋಟೇಶನ್ ಕಣ್ಣಿಗೆ ಕಾಣುತ್ತದೆ, ಟ್ರಾನ್ಸಾಕ್ಷನ್ ಇಲ್ಲ. ಡೇಟಾಬೇಸ್ ಜೊತೆ ಮಾತಾಡುವ ರೆಪಾಸಿಟರಿಯ ಸೇವ್ ತನ್ನದೇ ಪುಟ್ಟ ಟ್ರಾನ್ಸಾಕ್ಷನ್ ಮುಗಿಸಿ ಕಮಿಟ್ ಆಗಿಬಿಡುತ್ತದೆ. ಆಮೇಲೆ ಸ್ಟಾಕ್ ಕಡಿಮೆ ಮಾಡುವಾಗ ಎಕ್ಸೆಪ್ಶನ್ ಬಂದರೆ ಆರ್ಡರ್ ಹಾಗೇ ಉಳಿಯುತ್ತದೆ, ಸ್ಟಾಕ್ ಇಳಿದಿರಲ್ಲ. ಕಂಪೈಲರ್ ಖುಷಿ. ಮಾಕ್ (ನಿಜವಾದದ್ದರ ಬದಲು ಇಡುವ ನಕಲಿ) ಇಟ್ಟು ಬರೆದ ಟೆಸ್ಟುಗಳೂ ಹಸಿರು, ಯಾಕೆಂದರೆ ಅಲ್ಲಿ ಡೇಟಾಬೇಸೇ ಇಲ್ಲ. ರಿವ್ಯೂ ಮಾಡುವವರು ಡಿಫ್ ನೋಡಿದರೆ ಅನೋಟೇಶನ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿದೆ ಅಷ್ಟೇ.

ಇದನ್ನು ಹಿಡಿಯೋದು ಹೇಗೆ? ಟೆಸ್ಟ್‌ಕಂಟೇನರ್ಸ್ ಬಳಸಿ ನಿಜವಾದ ಡೇಟಾಬೇಸ್ ಎಬ್ಬಿಸಿ. ಸ್ಟಾಕ್ ಸಾಕಾಗದ ಒಂದು ಆರ್ಡರ್ ಕಳಿಸಿ. ಎಕ್ಸೆಪ್ಶನ್ ಬಂದ ಮೇಲೆ ಆರ್ಡರ್ ಟೇಬಲ್‌ನಲ್ಲಿ ಎಷ್ಟು ಸಾಲು ಇವೆ ನೋಡಿ. ಸೊನ್ನೆ ಇರಬೇಕು. ಒಂದು ಎಚ್ಚರ: ಈ ಟೆಸ್ಟ್ ಕ್ಲಾಸಿನ ಮೇಲೆ ಟ್ರಾನ್ಸಾಕ್ಷನಲ್ ಹಾಕಬೇಡಿ. ಹಾಕಿದರೆ ಟೆಸ್ಟೇ ಒಂದು ದೊಡ್ಡ ಟ್ರಾನ್ಸಾಕ್ಷನ್ ತೆರೆದು, ಕೋಡಿನ ನಿಜ ಬಣ್ಣ ಕಾಣದ ಹಾಗೆ ಮಾಡುತ್ತದೆ. ಟೆಸ್ಟ್ ಬರೆದುಕೊಡು ಅಂದರೆ ಮಾಡೆಲ್ ಅಭ್ಯಾಸಬಲದಿಂದ ಅದನ್ನೂ ಹಾಕಿಕೊಟ್ಟೀತು, ನೋಡಿಕೊಳ್ಳಿ.

ಟೆಸ್ಟ್ ಬರೆಸೋದು

ಜಾವಾ ತಂಡಗಳು ಎಐಗೆ ಮೊದಲು ಒಪ್ಪಿಸುವ ಕೆಲಸ ಯಾವುದು ಅಂದರೆ ಯೂನಿಟ್ ಟೆಸ್ಟ್. ಯಾರಿಗೂ ಬರೆಯಲು ಇಷ್ಟ ಇಲ್ಲ, ಕವರೇಜ್ (ಟೆಸ್ಟ್ ಮುಟ್ಟುವ ಕೋಡಿನ ಪ್ರಮಾಣ) ಮಾತ್ರ ಎಲ್ಲರಿಗೂ ಬೇಕು. ಹಾಗಾಗಿ ಒಂದು ಮಧ್ಯಾಹ್ನದಲ್ಲಿ ಕವರೇಜ್ ಜಿಗಿಯುತ್ತದೆ, ಮ್ಯಾನೇಜರ್ ಖುಷಿಯಾಗುತ್ತಾರೆ.

ಆ ಟೆಸ್ಟುಗಳನ್ನು ತೆರೆದು ಓದಿ. ರೆಪಾಸಿಟರಿ ಮಾಕ್ ಮಾಡಿ, ಅದು ಈ ಆರ್ಡರ್ ಕೊಡಲಿ ಅಂತ ಹೇಳಿರುತ್ತದೆ. ಆಮೇಲೆ ಸರ್ವಿಸ್ ಕರೆದು, ಅದೇ ಆರ್ಡರ್ ಬಂತಾ ಅಂತ ಕೇಳಿರುತ್ತದೆ. ಬರದೇ ಇನ್ನೇನು? ಇದರಲ್ಲಿ ಪರೀಕ್ಷೆ ಆಗಿದ್ದು ಮಾಕಿಟೋ ಲೈಬ್ರರಿ, ನಿಮ್ಮ ಕೋಡ್ ಅಲ್ಲ.

ಇದಕ್ಕಿಂತ ಕೆಟ್ಟದ್ದು, ಇರುವ ಬಗ್ ಮೇಲೆ ಸೀಲ್ ಹೊಡೆಯುವ ಟೆಸ್ಟ್. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಐಟಂ ಕೊಂಡರೆ ರಿಯಾಯಿತಿ ಅಂತ ನಿಯಮ. ಕೋಡಲ್ಲಿ ಯಾರೋ 'ಹತ್ತಕ್ಕಿಂತ ಜಾಸ್ತಿ' ಅಂತ ಬರೆದಿದ್ದಾರೆ. ಮಾಡೆಲ್‌ಗೆ ನೀವು ಕೋಡ್ ಕೊಟ್ಟು ಟೆಸ್ಟ್ ಬರೆ ಅಂದಿರಿ. ಅದು ಕೋಡ್ ಓದಿ, ಹತ್ತು ಐಟಂ ಇದ್ದರೆ ರಿಯಾಯಿತಿ ಸಿಗಬಾರದು ಅಂತ ಟೆಸ್ಟ್ ಬರೆಯಿತು. ಟೆಸ್ಟ್ ಹಸಿರು. ನಾಳೆ ಯಾರಾದರೂ ಕೋಡ್ ಸರಿ ಮಾಡಿದರೆ ಟೆಸ್ಟ್ ಕೆಂಪಾಗುತ್ತದೆ! ಈ ರೋಗ ಎಐ ಜೊತೆ ಬಂದದ್ದೇನೂ ಅಲ್ಲ. ಭಾಷಾ ಮಾಡೆಲ್‌ಗಳಿಗೆ ಮುಂಚೆಯೇ ಇವೋಸೂಟ್ ಅನ್ನೋ ಸಾಧನ ಜಾವಾ ಕ್ಲಾಸುಗಳಿಗೆ ತಾನಾಗೇ ಟೆಸ್ಟ್ ಬರೆಯುತ್ತಿತ್ತು. ಅದು ಕೂಡ ಕೋಡ್ ಈಗ ಏನು ಮಾಡುತ್ತಿದೆಯೋ ಅದನ್ನೇ ಸರಿ ಅಂತ ಹಿಡಿಯುತ್ತಿತ್ತು. ಆದರೆ ಅದರ ಟೆಸ್ಟುಗಳು ನೋಡಲು ಯಂತ್ರ ಬರೆದ ಹಾಗೇ ಇರುತ್ತಿದ್ದವು, ಯಾರೂ ಮೋಸ ಹೋಗುತ್ತಿರಲಿಲ್ಲ. ಈಗಿನವು ಅನುಭವಿ ಡೆವಲಪರ್ ಬರೆದ ಹಾಗೆ ಇರುತ್ತವೆ, ಒಳ್ಳೇ ಹೆಸರು, ಒಳ್ಳೇ ಕಾಮೆಂಟ್ ಸಮೇತ. ಅದೇ ಅಪಾಯ.

ಹಾಗಾಗಿ ನಾನು ಹೇಳೋದು: ಟೆಸ್ಟ್ ಬರೆಸುವಾಗ ಕೋಡ್ ಕೊಡಬೇಡಿ, ನಿಯಮ ಕೊಡಿ. ಮೆಥಡ್‌ನ ಸಹಿ ಮತ್ತು ನಿಯಮದ ವಾಕ್ಯ, ಇಷ್ಟು ಸಾಕು. ಆಮೇಲೆ ಪಿಟ್ ಥರದ ಮ್ಯುಟೇಶನ್ ಟೆಸ್ಟಿಂಗ್ ಸಾಧನ ಓಡಿಸಿ. ಅದು ನಿಮ್ಮ ಕೋಡಲ್ಲಿ ಬೇಕಂತಲೇ ಸಣ್ಣ ಸಣ್ಣ ತಪ್ಪು ತೂರಿಸಿ, ಟೆಸ್ಟುಗಳು ಅದನ್ನು ಹಿಡಿಯುತ್ತವಾ ನೋಡುತ್ತದೆ. ಮಾಕ್ ತುಂಬಿದ ಟೆಸ್ಟುಗಳ ಬಂಡವಾಳ ಅಲ್ಲಿ ಬಯಲಾಗುತ್ತದೆ. ನಿಯಮವನ್ನೇ ತಪ್ಪಾಗಿ ತಿಳಿದು ಬರೆದ ಟೆಸ್ಟನ್ನು ಮಾತ್ರ ಪಿಟ್ ಕೂಡ ಹಿಡಿಯಲಾರದು. ಅದಕ್ಕೆ ಆ ನಿಯಮ ಗೊತ್ತಿರುವ ಮನುಷ್ಯರೇ ಬೇಕು.

ಜಾವಾ 8ರಿಂದ ಮೇಲೆ

ಹಳೇ ಜಾವಾದಿಂದ ಹೊಸದಕ್ಕೆ ಏರೋದು ಎಐ ನಿಜವಾಗಿ ಬೆವರು ಉಳಿಸುವ ಜಾಗ ಅಂತ ನನ್ನ ಅಭಿಪ್ರಾಯ. ಈ ವಿಷಯದಲ್ಲಿ ಎಲ್ಲರೂ ಹೇಳುವ ಅಂಕಿ ಅಮೆಜಾನ್‌ನದು. 2024ರ ಆಗಸ್ಟ್‌ನಲ್ಲಿ ಅದರ ಸಿಇಒ ಆ್ಯಂಡಿ ಜ್ಯಾಸಿ ಬರೆದದ್ದು ಇದು: ಒಂದು ಅಪ್ಲಿಕೇಶನ್ ಅನ್ನು ಜಾವಾ 17ಕ್ಕೆ ಏರಿಸಲು ಸುಮಾರು 50 ಡೆವಲಪರ್ ದಿನ ಹಿಡಿಯುತ್ತಿತ್ತು, ಅವರದೇ ಎಐ ಸಹಾಯಕ ಅಮೆಜಾನ್ ಕ್ಯೂ ಬಂದ ಮೇಲೆ ಕೆಲವೇ ಗಂಟೆ ಸಾಕಾಯಿತು, ಒಟ್ಟು 4,500 ಡೆವಲಪರ್ ವರ್ಷಗಳಷ್ಟು ಕೆಲಸ ಉಳಿಯಿತು ಅನ್ನೋದು ಅವರ ಅಂದಾಜು. ಯಂತ್ರ ಕಳಿಸಿದ ಕೋಡ್ ರಿವ್ಯೂಗಳಲ್ಲಿ ಶೇಕಡಾ 79ರಷ್ಟು ಯಾವ ಬದಲಾವಣೆಯೂ ಇಲ್ಲದೆ ಹೋದವಂತೆ. ಹೇಳಿದವರೇ ಆ ಸಾಧನ ಮಾರುವವರು, ಹಾಗಾಗಿ ಒಂದು ಚಿಟಿಕೆ ಉಪ್ಪು ಪಕ್ಕಕ್ಕಿಟ್ಟುಕೊಂಡು ಓದಿ. ಆದರೂ ದಿಕ್ಕು ಸುಳ್ಳಲ್ಲ.

ಈ ಕತೆ ಹೇಳುವಾಗ ಜನ ಒಂದು ವಿಷಯ ಬಿಟ್ಟುಬಿಡುತ್ತಾರೆ. ಆ ಸಾಧನದ ಒಳಗೆ ಭಾಷಾ ಮಾಡೆಲ್ ಜೊತೆ ಓಪನ್‌ರೀರೈಟ್ ಕೂಡ ಇದೆ. ಇದು ಮಾಡೆಲ್ ಅಲ್ಲ. ಕೋಡನ್ನು ಟೈಪ್ ಮಾಹಿತಿ ಸಮೇತ ಒಂದು ಮರವಾಗಿ ಓದಿಕೊಂಡು, ಬರೆದಿಟ್ಟ ರೆಸಿಪಿ ಪ್ರಕಾರ ಬದಲಿಸುವ ಸಾಧನ. ಜಾವಾಎಕ್ಸ್ ಇಂಪೋರ್ಟುಗಳನ್ನು ಜಕಾರ್ತಾ ಮಾಡು ಅಂದರೆ ಮಾಡುತ್ತದೆ. ಇವತ್ತು ಓಡಿಸಿದರೂ ನಾಳೆ ಓಡಿಸಿದರೂ ಅದೇ ಫಲ. ಜಾವಾಎಕ್ಸ್ ಎಸ್‌ಕ್ಯೂಎಲ್ ಥರ ಬದಲಾಗಬಾರದ ಪ್ಯಾಕೇಜ್‌ಗಳೂ ಇವೆಯಲ್ಲ, ಅವನ್ನು ಮುಟ್ಟಲ್ಲ. ಮಾಡೆಲ್ ಕೈಗೆ ಅದೇ ಕೆಲಸ ಕೊಟ್ಟರೆ ಮೊದಲ ನೂರು ಫೈಲು ಸರಿಯಾಗಿ ಮಾಡಿ, ಆಮೇಲೆ ಎಲ್ಲೋ ಒಂದು ಕಡೆ ತನ್ನದೇ ಐಡಿಯಾ ಸೇರಿಸುತ್ತದೆ.

ಹಾಗಾಗಿ ಕೆಲಸ ಹಂಚಿಕೊಳ್ಳಿ. ನಿಯಮಕ್ಕೆ ಸಿಗುವ ಬದಲಾವಣೆ ರೆಸಿಪಿಗೆ. ಉಳಿದ ಗೊಂದಲ ಮಾಡೆಲ್‌ಗೆ. ಜಾವಾ 11ರಲ್ಲಿ ಎಕ್ಸ್‌ಎಂಎಲ್ ಓದಲು ಬಳಸುವ ಜಾಕ್ಸ್‌ಬಿ ಜೆಡಿಕೆಯಿಂದ (ಜಾವಾದ ಮೂಲ ಕಿಟ್) ಹೊರಹೋಯಿತು, ಅದನ್ನು ಬೇರೆ ಡಿಪೆಂಡೆನ್ಸಿಯಾಗಿ ಸೇರಿಸಬೇಕು. ಜಾವಾ 17ರಲ್ಲಿ ಜೆಡಿಕೆ ಒಳಗಿನ ಕ್ಲಾಸುಗಳಿಗೆ ಬಾಗಿಲು ಮುಚ್ಚಿದರು, ಹಳೇ ಲೈಬ್ರರಿಗಳು ರಿಫ್ಲೆಕ್ಷನ್ ಮಾಡಲು (ಓಡುವಾಗ ಕ್ಲಾಸಿನ ಒಳಗೆ ಇಣುಕಲು) ಹೋಗಿ ಬೀಳುತ್ತವೆ. ಇಂಥ ಕಡೆ ಉದ್ದುದ್ದದ ಸ್ಟ್ಯಾಕ್ ಟ್ರೇಸ್ ಓದಿ, ಯಾವ ಲೈಬ್ರರಿ ಕಾರಣ ಅಂತ ಹುಡುಕೋದರಲ್ಲಿ ಮಾಡೆಲ್‌ಗಳು ನಿಜಕ್ಕೂ ಗಟ್ಟಿಗರು. ಇನ್ನೂ ಒಳ್ಳೇ ಉಪಾಯ ಒಂದಿದೆ: ನಿಮ್ಮ ಸಂಸ್ಥೆಯ ಸ್ವಂತ ಫ್ರೇಮ್‌ವರ್ಕ್ ಬದಲಾವಣೆಗೆ ಓಪನ್‌ರೀರೈಟ್ ರೆಸಿಪಿಯನ್ನೇ ಮಾಡೆಲ್‌ನಿಂದ ಬರೆಸೋದು. ನೂರಾರು ಫೈಲಿನ ಡಿಫ್ ಓದುವ ಬದಲು ಒಂದು ರೆಸಿಪಿ ಓದಿದರೆ ಸಾಕು.

ಸದ್ದಿಲ್ಲದೆ ಬದಲಾಗುವ ಸಂಗತಿಗಳ ಬಗ್ಗೆ ಎಚ್ಚರ. ಜಾವಾ 18ರಿಂದ ಡಿಫಾಲ್ಟ್ ಕ್ಯಾರೆಕ್ಟರ್ ಎನ್‌ಕೋಡಿಂಗ್ ಎಲ್ಲ ಕಡೆ ಯುಟಿಎಫ್-8. ಅದಕ್ಕೂ ಮೊದಲು ಆಪರೇಟಿಂಗ್ ಸಿಸ್ಟಮ್ ಹೇಳಿದ್ದೇ ಡಿಫಾಲ್ಟ್. ಎನ್‌ಕೋಡಿಂಗ್ ಹೇಳದೆ ಫೈಲ್ ಓದುವ ಹಳೇ ಕೋಡ್, ಬೇರೆ ಎನ್‌ಕೋಡಿಂಗ್‌ನಲ್ಲಿ ಬರೆದಿಟ್ಟ ಹಳೇ ಫೈಲ್, ಇವೆರಡೂ ಸೇರಿದರೆ ಇಂಗ್ಲಿಷ್ ಅಲ್ಲದ ಅಕ್ಷರಗಳು ಹಾಳಾಗುತ್ತವೆ. ಕಂಪೈಲ್ ಎರರ್ ಇಲ್ಲ, ಎಕ್ಸೆಪ್ಶನ್ ಇಲ್ಲ. ಟೆಸ್ಟಿನ ಡೇಟಾ ಎಲ್ಲ ಇಂಗ್ಲಿಷಲ್ಲೇ ಇದ್ದರೆ ಟೆಸ್ಟಲ್ಲೂ ಸಿಗಲ್ಲ.

ಅಪ್ಲಿಕೇಶನ್ ಒಳಗೆ

ಇನ್ನು ಆ ಎರಡನೇ ವಿಷಯ. ಎಐ ಅಂದರೆ ಪೈಥಾನ್ ಅನ್ನೋ ಮಾತು ಮಾಡೆಲ್ ತರಬೇತಿಗೆ ಸರಿ. ತಯಾರಾದ ಮಾಡೆಲ್ ಬಳಸಲು ಬೇಕಾದ್ದು ಎಚ್‌ಟಿಟಿಪಿ ಕರೆ, ಅದರ ಸುತ್ತ ಲಾಗಿಂಗ್, ಮರುಪ್ರಯತ್ನ, ಭದ್ರತೆ. ಇದೆಲ್ಲ ಜಾವಾದವರ ಹಳೇ ಕಸುಬು. ಇದಕ್ಕೆ ಲೈಬ್ರರಿಗಳೂ ಇವೆ. ಲ್ಯಾಂಗ್‌ಚೈನ್‌ಫೋರ್‌ಜೆ 2023ರಿಂದ ಇದೆ. ಸ್ಪ್ರಿಂಗ್ ಎಐ 1.0 ಬಂದದ್ದು 2025ರ ಮೇ ತಿಂಗಳಲ್ಲಿ. ಲ್ಯಾಂಗ್‌ಚೈನ್‌ಫೋರ್‌ಜೆಯಲ್ಲಿ ಒಂದು ಇಂಟರ್ಫೇಸ್ ಬರೆದು ಮೇಲೆ ಪ್ರಾಂಪ್ಟ್ ಅನೋಟೇಶನ್ ಹಾಕಿದರೆ ಉಳಿದದ್ದನ್ನು ಲೈಬ್ರರಿ ನೋಡಿಕೊಳ್ಳುತ್ತದೆ. ಸ್ಪ್ರಿಂಗ್ ಡೇಟಾ ಬಳಸಿದವರಿಗೆ ಇದು ಅಂಗೈ ರೇಖೆಯಷ್ಟು ಪರಿಚಿತ. ಉತ್ತರವನ್ನು ರೆಕಾರ್ಡ್ ಆಗಿಯೇ ಪಡೆಯಬಹುದು. ಮಾಡೆಲ್ ಕರೆಗಳು ಸೆಕೆಂಡುಗಟ್ಟಲೆ ಕಾಯಿಸುತ್ತವೆ, ಅಲ್ಲಿ ವರ್ಚುವಲ್ ಥ್ರೆಡ್ ಹೇಳಿ ಮಾಡಿಸಿದ ಹಾಗಿದೆ.

ಇಲ್ಲಿ ನಾನು ಎಲ್ಲರಿಗೂ ಹೇಳುವ ಎಚ್ಚರಿಕೆ ಒಂದೇ. ನಿಮ್ಮ ಜಾವಾ ಮೆಥಡ್‌ಗಳನ್ನು ಮಾಡೆಲ್ ಕರೆಯುವ ಹಾಗೆ ಟೂಲ್ ಅಂತ ಗುರುತು ಹಾಕಬಹುದು. 'ಈ ಗ್ರಾಹಕರ ಆರ್ಡರ್‌ಗಳನ್ನು ಕೊಡು' ಅನ್ನೋ ಮೆಥಡ್‌ಗೆ ಗ್ರಾಹಕರ ಐಡಿಯನ್ನು ಪ್ಯಾರಾಮೀಟರ್ ಮಾಡಿದರೆ ಆ ಐಡಿ ತುಂಬೋದು ಮಾಡೆಲ್. ಅಂದರೆ ಚಾಟಲ್ಲಿ ಕೂತವರು ಉಪಾಯವಾಗಿ ಕೇಳಿದರೆ ಬೇರೆಯವರ ಐಡಿಯೂ ಅಲ್ಲಿ ಬರಬಹುದು. ಲಾಗಿನ್ ಆದವರ ಗುರುತು ಯಾವಾಗಲೂ ಸೆಕ್ಯುರಿಟಿ ಕಾಂಟೆಕ್ಸ್ಟ್‌ನಿಂದ ಬರಬೇಕು, ಮಾಡೆಲ್ ಕೈಯಿಂದ ಅಲ್ಲ. ವೆಬ್ ಫಾರ್ಮಿನಿಂದ ಬಂದ ಡೇಟಾವನ್ನು ನಂಬದ ನಾವು, ಮಾಡೆಲ್ ಕೊಟ್ಟಿದ್ದನ್ನು ಯಾಕೆ ನಂಬಬೇಕು, ಅಲ್ವಾ?

ಸಭಿಕರ ಪ್ರಶ್ನೆಗಳು

ಕೆಲಸ ನಿಜವಾಗಿ ವೇಗ ಆಗುತ್ತಾ?

ಅನಿಸೋದು ಒಂದು, ಆಗೋದು ಇನ್ನೊಂದು. 2025ರಲ್ಲಿ ಮೀಟರ್ ಅನ್ನೋ ಸಂಶೋಧನಾ ಸಂಸ್ಥೆ 16 ಅನುಭವಿ ಓಪನ್ ಸೋರ್ಸ್ ಡೆವಲಪರ್‌ಗಳಿಗೆ ಅವರದೇ ಪ್ರಾಜೆಕ್ಟುಗಳ 246 ಕೆಲಸ ಕೊಟ್ಟು ಅಳೆಯಿತು. ಎಐ ಬಳಸಿದಾಗ ಶೇಕಡಾ 19ರಷ್ಟು ಜಾಸ್ತಿ ಸಮಯ ಹಿಡಿಯಿತು. ಅವರಿಗೆ ಅನಿಸಿದ್ದು ಮಾತ್ರ ಶೇಕಡಾ 20ರಷ್ಟು ವೇಗ ಆಯಿತು ಅಂತ! ಅದು ಜಾವಾಗೆಂದೇ ಮಾಡಿದ ಅಧ್ಯಯನ ಅಲ್ಲ, ಮತ್ತು ಸಾಧನಗಳು ಬದಲಾಗುತ್ತಿವೆ. ಆದರೆ ದೊಡ್ಡ ಹಳೇ ಕೋಡ್, ಅದನ್ನು ಅರೆದು ಕುಡಿದ ಡೆವಲಪರ್ ಅನ್ನೋ ಸನ್ನಿವೇಶ ಎಷ್ಟೋ ಜಾವಾ ತಂಡಗಳದ್ದೇ. ಗೊತ್ತಿಲ್ಲದ ಲೈಬ್ರರಿ ಹತ್ತಿರ ಹೋಗುವಾಗ ಎಐ ವೇಗ ಕೊಡುತ್ತದೆ. ಕಣ್ಣು ಮುಚ್ಚಿ ತಿದ್ದಬಲ್ಲ ಕೋಡಲ್ಲಿ ಅದಕ್ಕೆ ವಿವರಿಸುವ ಹೊತ್ತಿಗೆ ನಿಮ್ಮ ಕೆಲಸ ಮುಗಿದಿರುತ್ತದೆ.

ಮಾಡೆಲ್ ಅನ್ನು ಜೆವಿಎಂ (ಜಾವಾ ಕೋಡ್ ಓಡಿಸುವ ಸಾಫ್ಟ್‌ವೇರ್) ಒಳಗೇ ಓಡಿಸಬಹುದಾ?

ಚಿಕ್ಕ ಮಾಡೆಲ್ ಆದರೆ ಆಗುತ್ತದೆ. ಜೆಲಾಮಾ ಥರದ ಪ್ರಾಜೆಕ್ಟುಗಳಿವೆ. ಅವು ನೆಚ್ಚಿಕೊಂಡಿರುವ ವೆಕ್ಟರ್ ಎಪಿಐ ಜಾವಾ 16ರಲ್ಲಿ ಇನ್‌ಕ್ಯುಬೇಟರ್ ಆಗಿ, ಅಂದರೆ ಪ್ರಯೋಗದ ಹಂತದಲ್ಲಿ, ಬಂತು, 25ರಲ್ಲೂ ಇನ್‌ಕ್ಯುಬೇಟರ್ ಆಗಿಯೇ ಇದೆ. ಜಾವಾದ ಟೈಪ್ ವ್ಯವಸ್ಥೆ ಬದಲಿಸುವ ವಲ್ಹಲ್ಲಾ ಪ್ರಾಜೆಕ್ಟ್ ಬರಲಿ ಅಂತ ಕಾಯುತ್ತಿದೆ. ಪ್ರಯೋಗ ಮಾಡಿ ನೋಡಿ, ಪ್ರೊಡಕ್ಷನ್‌ಗೆ ನಾನು ಸದ್ಯ ಬೇಡ ಅನ್ನುತ್ತೇನೆ.

ಈಗಷ್ಟೇ ಕೆಲಸಕ್ಕೆ ಸೇರಿದವರು ಏನು ಕಲಿಯಬೇಕು?

ಸಿಂಟ್ಯಾಕ್ಸ್ ಕಲಿಯಲು ಮೊದಲಿನಷ್ಟು ಸಮಯ ಬೇಡ. ಆ ಸಮಯವನ್ನು ಕೋಡ್ ಓಡುವಾಗ ಒಳಗೆ ಏನಾಗುತ್ತದೆ ಅನ್ನೋದಕ್ಕೆ ಕೊಡಿ. ಡೇಟಾಬೇಸ್ ಲೈಬ್ರರಿ ಹೈಬರ್ನೇಟ್‌ನ ಎಸ್‌ಕ್ಯೂಎಲ್ ಲಾಗ್ ಆನ್ ಮಾಡಿ, ಒಂದು ಪುಟ ತೆರೆದರೆ ಎಷ್ಟು ಕ್ವೆರಿ ಹೋಗುತ್ತವೆ ಎಣಿಸಿ. ಜೆಸ್ಟ್ಯಾಕ್‌ನಿಂದ ಥ್ರೆಡ್ ಡಂಪ್ ತೆಗೆದು ಯಾವ ಥ್ರೆಡ್ ಯಾವುದಕ್ಕೆ ಕಾಯುತ್ತಿದೆ ಅಂತ ಓದಿ. ನಾನು ಮೊದಲು ಹೇಳಿದ ಟ್ರಾನ್ಸಾಕ್ಷನ್ ಸರ್ವಿಸ್‌ನಲ್ಲಿ ಡೀಬಗರ್ ನಿಲ್ಲಿಸಿ, ಕಾಲ್ ಸ್ಟ್ಯಾಕಲ್ಲಿ ಪ್ರಾಕ್ಸಿಯ ಹೆಸರು ಇದೆಯಾ ಹುಡುಕಿ. ಎಐಯಿಂದ ಕೋಡ್ ಬರೆಸಿ, ಪರವಾಗಿಲ್ಲ. ಆದರೆ ಪುಲ್ ರಿಕ್ವೆಸ್ಟ್ ಕಳಿಸುವ ಮೊದಲು ಪ್ರತಿ ಅನೋಟೇಶನ್ ಯಾಕೆ ಅಲ್ಲಿದೆ, ತೆಗೆದರೆ ಏನಾಗುತ್ತದೆ ಅಂತ ನಿಮ್ಮ ಬಾಯಲ್ಲಿ ಹೇಳಲು ಬರುತ್ತಾ ನೋಡಿಕೊಳ್ಳಿ. ಬರದಿದ್ದರೆ ತೆಗೆದು ಓಡಿಸಿ ನೋಡಿ, ಲ್ಯಾಪ್‌ಟಾಪಲ್ಲಿ ಅದಕ್ಕೆ ಐದು ನಿಮಿಷ ಸಾಕು.